ಉಪ್ಪು, ಬಂಗುಡೆ ಮತ್ತು ನಾಲ್ಕು ಗುಂಡುಗಳ ಜೀವಿ

ಪುಣೆಯ ಗಣೇಶಖಿಂಡದಲ್ಲಿ, ಈಗಿನ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಆವರಣದೊಳಗೆ, ಎತ್ತರದ ಗೋಪುರವಿರುವ ಒಂದು ಕಲ್ಲಿನ ಕಟ್ಟಡವಿದೆ. ಬೊಂಬಾಯಿಯ ಗವರ್ನರ್ ಮಳೆಗಾಲ ಕಳೆಯಲೆಂದು 1860ರ ದಶಕದಲ್ಲಿ ಕಟ್ಟಲು ತೊಡಗಿದ ಬಂಗಲೆ ಅದು. ಜೂನ್ ಬಂತೆಂದರೆ ಸರ್ಕಾರವೇ ಕಡತಗಳ ಸಮೇತ ಘಟ್ಟ ಹತ್ತಿ ಪುಣೆಗೆ ಬರುತ್ತಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿಗೆ ಸೇರಿಸಿದ್ದರು. ಹಾಗಾಗಿ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಮೀನುಗಾರ ಎಷ್ಟು ಬೆಲೆಗೆ ಉಪ್ಪು ಕೊಳ್ಳಬೇಕು, ಎಲ್ಲಿ ಉಪ್ಪು ತೆಗೆದರೆ ಅಪರಾಧ ಎಂಬುದೆಲ್ಲ ಈ ಸರ್ಕಾರದ ಅಧಿಕಾರಕ್ಕೆ ಸೇರಿತ್ತು.

ಅದೇ ಆವರಣದಲ್ಲಿ ಇಂದು ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರವಿದೆ. ಅದರ ಅಂಗವಾಗಿ 2009ರಲ್ಲಿ ಒಂದು ಸೂಕ್ಷ್ಮಜೀವಿ ಸಂಗ್ರಹಾಲಯ ಹುಟ್ಟಿತು. ದೇಶದ ಬೇರೆ ಬೇರೆ ಕಡೆಯ ಮಣ್ಣು, ನೀರು, ಆಹಾರ ಮುಂತಾದವುಗಳಿಂದ ಬೇರ್ಪಡಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ತಳಿಗಳು ಅಲ್ಲಿಗೆ ಸೇರಿವೆ. ಹಿಂದಿನ ಸರ್ಕಾರ ಕರಾವಳಿಯ ಉಪ್ಪಿನ ಲೆಕ್ಕ ಇಟ್ಟಿತು. ಇಂದಿನ ಸಂಸ್ಥೆ ಕಣ್ಣಿಗೆ ಕಾಣದ ಜೀವಿಗಳ ಲೆಕ್ಕ ಇಡುತ್ತಿದೆ. ಈ ಎರಡು ಲೆಕ್ಕಪುಸ್ತಕಗಳ ನಡುವಿನ ನೂರು ವರ್ಷಗಳಲ್ಲಿ ನಮ್ಮ ಕರಾವಳಿಯ ಒಂದು ಪೀಪಾಯಿ ಕಳೆದುಹೋಯಿತು. ಅದರಲ್ಲಿ ಉಪ್ಪಿತ್ತು, ಬಂಗುಡೆಯಿತ್ತು, ಉಪ್ಪಾಗೆ ಹುಳಿಯಿತ್ತು.

ಉಪ್ಪನ್ನು ಇಷ್ಟಪಡುವ ಜೀವಿ

ಮೀನಿಗೆ ಉಪ್ಪು ಹಾಕಿದರೆ ಕೆಡುವುದಿಲ್ಲ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನಿಜವಾಗಿ ಆಗುವುದು ಇನ್ನೂ ಸ್ವಾರಸ್ಯದ ಸಂಗತಿ. ಉಪ್ಪು ಮೀನಿನೊಳಗಿನ ನೀರನ್ನು ಹೊರಗೆಳೆಯುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಗಳೊಳಗಿನ ನೀರನ್ನೂ ಎಳೆಯುವುದರಿಂದ ಅವುಗಳಲ್ಲಿ ಬಹುಪಾಲು ಸಾಯುತ್ತವೆ, ಇಲ್ಲವೇ ಸುಮ್ಮನಾಗುತ್ತವೆ. ಅಷ್ಟರಲ್ಲಿ ಮೀನಿನ ಮೈಯಲ್ಲೇ ಇರುವ ಕಿಣ್ವಗಳು ಮಾಂಸವನ್ನು ನಿಧಾನವಾಗಿ ಕರಗಿಸತೊಡಗುತ್ತವೆ. ಪ್ರೋಟೀನು ಒಡೆದು ಅಮೈನೋ ಆಮ್ಲಗಳಾಗುತ್ತದೆ. ಉಪ್ಪುಮೀನಿನ ಸಾರಿಗೆ ಬರುವ ಆ ಗಾಢ ರುಚಿಯ ಮೂಲ ಇದೇ. ಇಷ್ಟೆಲ್ಲ ನಡೆಯುವಾಗ, ಬೇರೆಯವರು ಖಾಲಿ ಮಾಡಿ ಹೋದ ಮನೆಗೆ ಬಂದು ಸೇರುವ ಒಕ್ಕಲಿನ ಹಾಗೆ, ಉಪ್ಪನ್ನು ತಾಳಬಲ್ಲ ಕೆಲವು ಜೀವಿಗಳು ಬೆಳೆಯುತ್ತವೆ.

ಅವುಗಳಲ್ಲಿ ಒಂದರ ಹೆಸರು ಟೆಟ್ರಾಜೆನೊಕಾಕಸ್ ಹ್ಯಾಲೊಫಿಲಸ್. ಗುಂಡಗಿನ ಜೀವಿ. ಒಂದು ಮಿಲಿಮೀಟರಿನಲ್ಲಿ ಸಾವಿರಕ್ಕೂ ಹೆಚ್ಚು ಸಾಲಾಗಿ ಕೂರಬಹುದಾದಷ್ಟು ಸಣ್ಣದು. ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆದು, ನಾಲ್ಕೂ ಅಂಟಿಕೊಂಡೇ ಉಳಿಯುವುದು ಇದರ ಗುಣ. 'ಟೆಟ್ರಾ' ಬಂದದ್ದು ಅದರಿಂದ. 'ಹ್ಯಾಲೊಫಿಲಸ್' ಎಂದರೆ ಉಪ್ಪನ್ನು ಪ್ರೀತಿಸುವುದು. ನೂರು ಪಾಲು ನೀರಿಗೆ ಐದರಿಂದ ಹತ್ತು ಪಾಲು ಉಪ್ಪಿದ್ದರೆ ಇದು ಹುಲುಸಾಗಿ ಬೆಳೆಯುತ್ತದೆ. ಹದಿನೆಂಟು ದಾಟಿದರೂ ಬದುಕುತ್ತದೆ. ಹೊರಗಿನ ಉಪ್ಪು ತನ್ನ ನೀರನ್ನು ಎಳೆದುಕೊಳ್ಳದಂತೆ ಬೀಟೈನಿನಂಥ ಸಣ್ಣ ಅಣುಗಳನ್ನು ಒಳಗೆ ತುಂಬಿಕೊಂಡು ಒತ್ತಡ ಸರಿದೂಗಿಸುತ್ತದೆ. ಸಕ್ಕರೆಯ ಅಂಶ ಸಿಕ್ಕರೆ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಮೊಸರಿನ ಬ್ಯಾಕ್ಟೀರಿಯಾ ಮಾಡುವುದೂ ಇದೇ ಕೆಲಸ. ಆದರೆ ಮೊಸರಿನ ಜೀವಿಯನ್ನು ಇಷ್ಟು ಉಪ್ಪಿನಲ್ಲಿಟ್ಟರೆ ಅದು ಏಳುವುದಿಲ್ಲ.

ಇದನ್ನು ಮೊದಲು ವಿವರಿಸಿದ್ದು 1934ರಲ್ಲಿ, ಮೀಸ್ ಎಂಬ ಡಚ್ ಸಂಶೋಧಕ. ಬಿಯರನ್ನು ಕೆಡಿಸುವ ಗುಂಡಗಿನ ಬ್ಯಾಕ್ಟೀರಿಯಾಗಳ ಅಧ್ಯಯನದಲ್ಲಿದ್ದ ಆತನಿಗೆ ಅಂಥದೇ ಆಕಾರದ ಜೀವಿಯೊಂದು ಉಪ್ಪಿನಲ್ಲಿಟ್ಟ ಆಂಚೊವಿ ಎಂಬ ಚಿಕ್ಕ ಮೀನಿನಲ್ಲಿ ಸಿಕ್ಕಿತು. ಪೀಡಿಯೊಕಾಕಸ್ ಹ್ಯಾಲೊಫಿಲಸ್ ಎಂದು ಹೆಸರಿಟ್ಟ. 1958ರಲ್ಲಿ ಜಪಾನಿನ ಸಕಾಗುಚಿ ಸೋಯಾ ಸಾಸಿನ ತೊಟ್ಟಿಯಲ್ಲಿ ಸಿಕ್ಕ ಜೀವಿಗೆ ಪೀಡಿಯೊಕಾಕಸ್ ಸೋಯೆ ಎಂದು ಬೇರೆ ಹೆಸರು ಕೊಟ್ಟ. ಎರಡೂ ಒಂದೇ ಎಂದು ಆಮೇಲೆ ತಿಳಿಯಿತು. ಅನುವಂಶಿಕ ವಸ್ತುವನ್ನು ಹೋಲಿಸಿ ನೋಡಿ 1990ರಲ್ಲಿ ಈಗಿನ ಹೆಸರು ಕೊಟ್ಟರು. ಯುರೋಪಿನ ಮೀನಿನ ಡಬ್ಬಿಯಲ್ಲೂ ಜಪಾನಿನ ಸೋಯಾ ತೊಟ್ಟಿಯಲ್ಲೂ ಇದ್ದದ್ದು ಒಂದೇ ಒಕ್ಕಲು.

ಉಪ್ಪಿನ ಸುಂಕ, ಉಪ್ಪಿನ ಅಂಗಳ

ನಮ್ಮ ಕರಾವಳಿಯಲ್ಲಿ ಮೀನಿಗೂ ಉಪ್ಪಿಗೂ ಇರುವ ನಂಟನ್ನು ವಿವರಿಸಬೇಕಾಗಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಗದ್ದೆಗಳಲ್ಲಿ ಇಂದಿಗೂ ಉಪ್ಪು ಬೆಳೆಯುತ್ತಾರೆ. ಆದರೆ ಬ್ರಿಟಿಷರ ಕಾಲದಲ್ಲಿ ಆ ನಂಟಿನ ನಡುವೆ ಸುಂಕ ಬಂದು ಕೂತಿತು. 1882ರಲ್ಲಿ ದೇಶದ ಬಹುಭಾಗಕ್ಕೆ ಒಂದು ಮಣ ಉಪ್ಪಿಗೆ 2 ರೂಪಾಯಿ ಸುಂಕವಿತ್ತು. 1888ರಲ್ಲಿ ಅದು ಎರಡೂವರೆ ರೂಪಾಯಿಯಾಯಿತು. ಬೆಲೆಯಲ್ಲಿ ಉಪ್ಪಿಗಿಂತ ಸುಂಕದ ಪಾಲೇ ದೊಡ್ಡದು. ಊಟಕ್ಕೆ ಹಾಕುವ ಉಪ್ಪಿಗೆ ಹೇಗೋ ಹೊಂದಿಸಬಹುದು. ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪು ಬೇಕಾದ ಕಸುಬಿಗೆ ಅದು ಕುತ್ತಿಗೆಗೆ ಬಂದ ಹಗ್ಗ. ಒಂದೇ ದಿನ ರಾಶಿ ರಾಶಿ ಬಂಗುಡೆ ದಡಕ್ಕೆ ಬಂದಾಗ ಉಪ್ಪು ಕೊಳ್ಳಲಾಗದೆ ಮೀನು ಕೊಳೆಯುತ್ತಿತ್ತು, ಇಲ್ಲವೇ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಉಪ್ಪು ಮಣ್ಣನ್ನು ಕೆರೆದು ತಂದು ಮೀನಿಗೆ ಹಚ್ಚುವವರೂ ಇದ್ದರು.

ಇದನ್ನು ಗಟ್ಟಿಯಾಗಿ ಹೇಳಿದವನು ಫ್ರಾನ್ಸಿಸ್ ಡೇ. ಮದ್ರಾಸ್ ಸೈನ್ಯದ ವೈದ್ಯನಾಗಿ ಬಂದು, ಮೀನಿನ ಅಧ್ಯಯನಕ್ಕೆ ತಿರುಗಿ, ಭಾರತದ ಮೀನುಗಾರಿಕೆಯ ಇನ್ಸ್‌ಪೆಕ್ಟರ್ ಜನರಲ್ ಆದವನು. 1873ರಲ್ಲಿ ಹೊರಬಂದ ಅವನ ವರದಿ ಭಾರತ ಮತ್ತು ಬರ್ಮಾದ ಕಡಲ ಮೀನುಗಾರಿಕೆಯನ್ನು ಇಡಿಯಾಗಿ ನೋಡಿತು. ಸುಂಕದಿಂದ ಉಪ್ಪುಮೀನಿನ ಕಸುಬು ಸೊರಗುತ್ತಿದೆ, ಅರೆಬರೆ ಉಪ್ಪು ಹಾಕಿದ ಮೀನು ತಿಂದು ಜನರ ಆರೋಗ್ಯ ಕೆಡುತ್ತಿದೆ ಎಂಬುದು ಅವನ ವಾದವಾಗಿತ್ತು. ಮುಂದಿನ ವರ್ಷಗಳಲ್ಲಿ ಮದ್ರಾಸ್ ಸರ್ಕಾರ ಪಶ್ಚಿಮ ಕರಾವಳಿಯುದ್ದಕ್ಕೂ ಮೀನು ಉಪ್ಪುಹಾಕುವ ಅಂಗಳಗಳನ್ನು ತೆರೆಯಿತು. ಬೇಲಿ ಹಾಕಿದ ಜಾಗ, ಕಾವಲಿಗೆ ಉಪ್ಪಿನ ಇಲಾಖೆಯ ಸಿಬ್ಬಂದಿ. ಒಳಗೆ ಸುಂಕವಿಲ್ಲದ ಉಪ್ಪು ಸಿಗುತ್ತದೆ, ಆದರೆ ಮೀನಿಗೆ ಉಪ್ಪು ಹಾಕುವ ಕೆಲಸ ಬೇಲಿಯೊಳಗೇ ಮುಗಿಯಬೇಕು. ಒಂದು ಹಿಡಿ ಉಪ್ಪು ಮನೆಗೆ ಹೋಗುವಂತಿಲ್ಲ.

ಹೀಗೆ ಮನೆಯಂಗಳದ ಕೆಲಸ ಸರ್ಕಾರದ ಅಂಗಳಕ್ಕೆ ಹೋಯಿತು. ಎಷ್ಟು ಮೀನು ಒಳಗೆ ಬಂತು, ಎಷ್ಟು ಉಪ್ಪು ಕೊಟ್ಟೆವು ಎಂಬ ಲೆಕ್ಕ ಪುಸ್ತಕ ಸೇರಿತು. ಎಷ್ಟು ದಿನ ಇಡಬೇಕು, ಯಾವ ವಾಸನೆ ಬಂದರೆ ಸರಿ, ಯಾವುದು ಬಂದರೆ ಚೆಲ್ಲಬೇಕು ಎಂಬ ಲೆಕ್ಕ ಹೆಂಗಸರ ಮೂಗಿನಲ್ಲೇ ಉಳಿಯಿತು. 1907ರಲ್ಲಿ ಫ್ರೆಡರಿಕ್ ನಿಕಲ್ಸನ್ ಮುಂದಾಳಾಗಿ ಮದ್ರಾಸಿನಲ್ಲಿ ಮೀನುಗಾರಿಕೆಯ ಬ್ಯೂರೋ ಶುರುವಾದಾಗ ಈ ಕಸುಬನ್ನು ಸ್ವಚ್ಛ ಮಾಡಿ ಸುಧಾರಿಸುವ ಯತ್ನಗಳು ನಡೆದವು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಕಡಲ ತೀರದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಕಾನೂನು ಮುರಿದು ಉಪ್ಪು ಮಾಡಿದರು. ಹಿಡಿ ಉಪ್ಪಿಗೂ ಕಾವಲು ಕಂಡಿದ್ದ ಕರಾವಳಿಗೆ ಆ ಹೋರಾಟದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೊಲಂಬೊಗೆ ಹೋದ ಬಂಗುಡೆ

ಕೆನರಾ ಮತ್ತು ಮಲಬಾರಿನ ಕರಾವಳಿಯಲ್ಲಿ ಉಪ್ಪುಮೀನಿನ ಒಂದು ವಿಶೇಷ ಬಗೆಯಿತ್ತು. ಮೀನುಗಾರಿಕೆಯ ಪುಸ್ತಕಗಳಲ್ಲಿ ಅದಕ್ಕೆ 'ಕೊಲಂಬೊ ಕ್ಯೂರಿಂಗ್' ಎಂದು ಹೆಸರು. ತಾಜಾ ಬಂಗುಡೆಯ ಕಿವಿರು, ಕರುಳು ತೆಗೆದು ಚೆನ್ನಾಗಿ ತೊಳೆಯುತ್ತಾರೆ. ಮೂರಕ್ಕೆ ಒಂದರಂತೆ ಉಪ್ಪು ಹಚ್ಚುತ್ತಾರೆ. ಹೊಟ್ಟೆಯೊಳಗೆ ಒಣಗಿಸಿದ ಉಪ್ಪಾಗೆ ಹಣ್ಣಿನ ಸಿಪ್ಪೆಯ ಚೂರು ಇಟ್ಟು ತೊಟ್ಟಿಯಲ್ಲಿ ಪದರಪದರವಾಗಿ ಜೋಡಿಸುತ್ತಾರೆ. ಮೀನು ಬಿಟ್ಟ ನೀರಿನಲ್ಲೇ ಮೀನು ಮುಳುಗುತ್ತದೆ. ತೇಲದಂತೆ ಮೇಲೆ ಭಾರ ಹೇರುತ್ತಾರೆ. ಹಾಗೆ ತಿಂಗಳುಗಟ್ಟಲೆ ಹಣ್ಣಾದ ಮೇಲೆ ಅದೇ ರಸದೊಂದಿಗೆ ಮರದ ಪೀಪಾಯಿಗಳಿಗೆ ತುಂಬಿ ಸಿಲೋನಿಗೆ ಕಳಿಸುತ್ತಾರೆ. ಇದು ಒಣಮೀನಲ್ಲ. ಮೀನಿನ ಉಪ್ಪಿನಕಾಯಿ ಎಂದರೆ ಹೆಚ್ಚು ಸರಿ.

ಉಪ್ಪಾಗೆ ಘಟ್ಟದ ಕಾಡಿನ ಮರ. ದಕ್ಷಿಣ ಕನ್ನಡದ ಕೆಲವೆಡೆ ಮಂತುಹುಳಿ ಎನ್ನುತ್ತಾರೆ. ಕೊಡಗಿನ ಕಾಚಂಪುಳಿ ಇದೇ ಹಣ್ಣಿನ ರಸವನ್ನು ಕುದಿಸಿ ಇಳಿಸಿದ್ದು. ಸಿಂಹಳದಲ್ಲಿ ಇದರ ಹೆಸರು ಗೊರಕ. ಇದೇ ಗೊರಕ ಮತ್ತು ಉಪ್ಪು ಹಾಕಿ ಸಿಂಹಳೀಯರು ಮಾಡುವ ಮೀನಿಗೆ 'ಜಾಡಿ' ಎಂದು ಹೆಸರು. ನಮ್ಮ ಅಡುಗೆಮನೆಯ ಜಾಡಿಯೂ ಅವರ ಊಟದ ಜಾಡಿಯೂ ಕಿವಿಗೆ ಒಂದೇ. ಪಾತ್ರೆಯ ಹೆಸರೇ ಅಡುಗೆಯ ಹೆಸರಾಗಿ ಬಾಯಲ್ಲಿ ಉಳಿದಿದೆ. ಕಾಡಿನ ಹುಳಿ, ಗದ್ದೆಯ ಉಪ್ಪು, ಕಡಲ ಮೀನು ಈ ಮೂರೂ ಒಂದು ಪೀಪಾಯಿಯಲ್ಲಿ ಸೇರಿ ಸಮುದ್ರ ದಾಟುತ್ತಿದ್ದವು.

ಈ ಹುಳಿಯ ಕೆಲಸ ರುಚಿಗಷ್ಟೇ ಅಲ್ಲ. ಬಂಗುಡೆಯ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚು. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಕೆಟ್ಟ ಬಂಗುಡೆ ತಿಂದಾಗ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುವುದು ಇದರಿಂದ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹೋಗುವುದಿಲ್ಲ. ಉಪ್ಪು ಒಂದು ಕಾವಲಾದರೆ ಹುಳಿ ಎರಡನೆಯ ಕಾವಲು. ಉಪ್ಪಿಗೆ ಜಗ್ಗದ ಟೆಟ್ರಾಜೆನೊಕಾಕಸ್ ಕೂಡ ಹುಳಿ ಒಂದು ಮಿತಿ ದಾಟಿದರೆ ಬೆಳವಣಿಗೆ ನಿಲ್ಲಿಸುತ್ತದೆ. ಕಿವಿರು ಕರುಳು ತೆಗೆಯುವುದು, ಹೊಟ್ಟೆಯೊಳಗೇ ಹುಳಿ ಇಡುವುದು, ಗಾಳಿ ತಾಗದಂತೆ ರಸದಲ್ಲಿ ಮುಳುಗಿಸುವುದು, ಇವೆಲ್ಲ ಬ್ಯಾಕ್ಟೀರಿಯಾ ಎಂಬ ಮಾತೇ ಕೇಳದವರು ಬ್ಯಾಕ್ಟೀರಿಯಾಗಳ ಮೇಲೆ ಹಾಕಿದ ಹತೋಟಿ.

ವಿಜ್ಞಾನಿಗಳು ಪೀಪಾಯಿಯೊಳಗೆ ನೋಡಲಿಲ್ಲವೆಂದಲ್ಲ. 1959ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಮೀನು ಹಾಕಲು ಬಳಸುವ ಈ ಹುಳಿಯಲ್ಲಿ ಏನೇನಿದೆ ಎಂಬ ಟಿಪ್ಪಣಿ ಬಂತು. 1965ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐಯ ಲೂಯಿಸ್ ಮತ್ತು ನೀಲಕಂಠನ್ ಇದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. ಆಮೇಲಿನ ಕಥೆ ಶಿರಸಿ, ಸಿದ್ದಾಪುರದ ಕಡೆಯವರಿಗೆ ಗೊತ್ತು. ತೂಕ ಇಳಿಸುವ ಮಾತ್ರೆಗೆ ಅದೇ ಆಮ್ಲ ಬೇಕಾಗಿ 1990ರ ದಶಕದಲ್ಲಿ ಅಮೆರಿಕದಿಂದ ಬೇಡಿಕೆ ಬಂತು, ಉಪ್ಪಾಗೆಗೆ ಎಲ್ಲಿಲ್ಲದ ಬೆಲೆ ಬಂತು, ಹಣ್ಣಿಗಾಗಿ ಮರದ ಕೊಂಬೆಯನ್ನೇ ಕಡಿದರು. ಹುಳಿಗೆ ಜಗತ್ತಿನ ಮಾರುಕಟ್ಟೆ ಸಿಕ್ಕಿತು. ಅಷ್ಟು ಹೊತ್ತಿಗೆ ಆ ಹುಳಿಯನ್ನು ವಿಜ್ಞಾನದ ಕಣ್ಣಿಗೆ ಬೀಳಿಸಿದ ಪೀಪಾಯಿ ಕಡಲ ದಂಡೆಯಿಂದ ಮರೆಯಾಗಿತ್ತು.

ಅದು ಮರೆಯಾಗಲು ಕಾರಣ ಒಂದೇ ಅಲ್ಲ. ಸ್ವತಂತ್ರ ಸಿಲೋನ್ ವಿದೇಶಿ ವಿನಿಮಯದ ಮುಗ್ಗಟ್ಟಿನಲ್ಲಿ ಆಮದಿಗೆ ಕಡಿವಾಣ ಹಾಕಿತು. ಕರಾವಳಿಗೆ ಐಸ್ ಫ್ಯಾಕ್ಟರಿ ಬಂತು, ಲಾರಿ ಬಂತು. ಹಿಂದೆ ರಂಪಣಿ ಬಲೆಯನ್ನು ಊರಿಗೆ ಊರೇ ಸೇರಿ ದಡಕ್ಕೆ ಎಳೆಯುತ್ತಿತ್ತು. ಬಂಗುಡೆ ಮರಳಿನ ಮೇಲೆಯೇ ರಾಶಿ ಬೀಳುತ್ತಿತ್ತು, ಅಲ್ಲೇ ಪಾಲಾಗುತ್ತಿತ್ತು, ಹತ್ತಿರದಲ್ಲೇ ಉಪ್ಪು ಕಾಣುತ್ತಿತ್ತು. 1970ರ ದಶಕದ ನಡುಭಾಗದಲ್ಲಿ ಪರ್ಸೀನ್ ದೋಣಿಗಳು ಬಂದವು. ಮೀನು ಮರಳಿಗೆ ಬರುವ ಮೊದಲೇ ಕಡಲಲ್ಲಿ ಬಲೆಗೆ ಬಿದ್ದು ಬಂದರಿಗೆ ಹೋಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ತಾಜಾ ಮೀನು ಬೆಂಗಳೂರಿಗೂ ಪುಣೆಗೂ ತಲುಪುವಂತಾದದ್ದು ಒಳ್ಳೆಯದೇ. ಆದರೆ ಹೆಚ್ಚಾಗಿ ಸಿಕ್ಕ ಬಂಗುಡೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ದಡದ ಹೆಂಗಸರ ಬಳಿಯಿದ್ದ ಉತ್ತರವನ್ನು ಕೇಳುವವರು ಇಲ್ಲವಾದರು.

ಇಂಫಾಲದ ಮಡಕೆ

ಇಂಥ ವಿದ್ಯೆ ಉಳಿದಿರುವ ಕಡೆ ಏನಾಗುತ್ತದೆ ಎಂದು ನೋಡಲು ದೇಶದ ಇನ್ನೊಂದು ತುದಿಗೆ ಹೋಗಬೇಕು. ಮಣಿಪುರದಲ್ಲಿ ಫಬೌ ಎಂಬ ಚಿಕ್ಕ ಸಿಹಿನೀರಿನ ಮೀನನ್ನು ಬಿಸಿಲಿಗೆ ಒಣಗಿಸಿ, ತೊಳೆದು, ಸಾಸಿವೆ ಎಣ್ಣೆ ಸವರಿದ ಮಡಕೆಯಲ್ಲಿ ಒತ್ತಿ ತುಂಬಿ, ಬಾಯಿ ಮುಚ್ಚಿ ತಿಂಗಳುಗಟ್ಟಲೆ ಇಡುತ್ತಾರೆ. ಇದು ಙಾರಿ. ಇಂಫಾಲದ ಇಮಾ ಕೈಥೆಲ್ ಎಂಬ ಹೆಂಗಸರ ಮಾರುಕಟ್ಟೆಯಲ್ಲಿ ಮಾರಾಟಕ್ಕಿರುತ್ತದೆ. ಮಣಿಪುರದ ಎಷ್ಟೋ ಅಡುಗೆಗೆ ಇದೇ ಒಗ್ಗರಣೆ, ಇದೇ ಜೀವ.

2004ರಲ್ಲಿ ಥಾಪಾ, ಪಾಲ್, ತಮಾಂಗ್ ಅವರು ಙಾರಿ ಮತ್ತು ಈಶಾನ್ಯದ ಇನ್ನೆರಡು ಬಗೆಯ ಮೀನುಗಳಲ್ಲಿರುವ ಸೂಕ್ಷ್ಮಜೀವಿಗಳ ಪಟ್ಟಿ ಪ್ರಕಟಿಸಿದರು. 2015ರಲ್ಲಿ ಇಂಫಾಲದ ಜೈವಿಕ ಸಂಪನ್ಮೂಲ ಸಂಸ್ಥೆಯ ಜಯರಾಮ್ ಮತ್ತು ಸಂಗಡಿಗರ ಅಧ್ಯಯನ ಬಂತು. ಅವರು ಙಾರಿಯ ಮಡಕೆಯನ್ನು ಒಂದು ವರ್ಷದುದ್ದಕ್ಕೂ ಹಿಂಬಾಲಿಸಿ ಒಳಗಿನ ಜೀವಿಗಳು ಹೇಗೆ ಬದಲಾಗುತ್ತವೆ ಎಂದು ನೋಡಿದ್ದರು. ಅಲ್ಲಿ ಸಿಕ್ಕವರಲ್ಲಿ ನಮ್ಮ ನಾಲ್ಕು ಗುಂಡುಗಳ ಟೆಟ್ರಾಜೆನೊಕಾಕಸ್ ಹ್ಯಾಲೊಫಿಲಸ್ ಕೂಡ ಇತ್ತು. ಯುರೋಪಿನ ಆಂಚೊವಿಯಲ್ಲಿ ಹೆಸರು ಪಡೆದ ಜೀವಿ, ಕಡಲಿನಿಂದ ಬಹುದೂರದ ಬೆಟ್ಟಗಳ ನಡುವಿನ ಮಡಕೆಯಲ್ಲಿ!

ಆ ಮಡಕೆ ಉಳಿದದ್ದು ವಿಜ್ಞಾನದಿಂದಲ್ಲ. ಜನ ತಿನ್ನುವುದನ್ನು ಬಿಡಲಿಲ್ಲ, ಅಷ್ಟೆ. ಬಿಡಿಸಲು ಯತ್ನಗಳು ನಡೆದಿಲ್ಲವೆಂದಲ್ಲ. 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯದ ವಿದ್ಯಾರ್ಥಿಗಳಿಗಾಗಿ ತಂದ ಕಿರುಪುಸ್ತಕದಲ್ಲಿ ವಾಸನೆಯ ಅಡುಗೆಗಳನ್ನು ನೆರೆಹೊರೆಯಲ್ಲಿ ಗಲಾಟೆಯಾಗದಂತೆ ಮಾಡಬೇಕೆಂಬ ಸಲಹೆಯಿತ್ತು. ಪುಣೆಯಲ್ಲೋ ಬೆಂಗಳೂರಿನಲ್ಲೋ ಬಾಡಿಗೆ ಮನೆ ಹುಡುಕಿದ ಕರಾವಳಿಯವರಿಗೆ ಈ ಸಲಹೆಯ ದನಿ ಹೊಸದಲ್ಲ. ಊರಿಂದ ಬಂದ ಒಣಮೀನಿನ ಪೊಟ್ಟಣಕ್ಕೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತುವ ಕೈಗಳಿಗೆ ಅದು ಗೊತ್ತು.

ಪುಣೆಯ ತಣ್ಣನೆಯ ಜಾಡಿ

ಪುಣೆಗೆ ಸೂಕ್ಷ್ಮಜೀವಿಗಳ ಸಹವಾಸ 2009ರಲ್ಲಿ ಶುರುವಾದದ್ದಲ್ಲ. 1950ರಲ್ಲಿ ಉದ್ಘಾಟನೆಯಾದ ಪಾಷಾಣದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮರುವರ್ಷವೇ ಕೈಗಾರಿಕೆಗೆ ಬೇಕಾದ ಸೂಕ್ಷ್ಮಜೀವಿಗಳ ಸಂಗ್ರಹ ಆರಂಭವಾಯಿತು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಬಂತು. ಅಲ್ಲಿನ ಸಂಶೋಧನೆಯ ಮುಂದಾಳು ಕರ್ನಾಟಕ ಮೂಲದ ಎಂ.ಜೆ. ತಿರುಮಲಾಚಾರ್. ಅವರ ತಂಡ 1961ರಲ್ಲಿ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧಿಯ ಶೋಧವನ್ನು ಪ್ರಕಟಿಸಿತು. ಅದನ್ನು ತಯಾರಿಸುವ ಬ್ಯಾಕ್ಟೀರಿಯಾಕ್ಕೆ ಇಟ್ಟ ಹೆಸರು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ಊರಿನ ಹೆಸರು ಜೀವಿಗೆ ಅಂಟಿಕೊಂಡಿತು. ಕೊರಿಯದವರು ಇದನ್ನೇ ತಮ್ಮ ಊಟದ ವಿಷಯದಲ್ಲಿ ಮಾಡಿದರು. ಅವರ ಉಪ್ಪುಮೀನಿನ ಖಾದ್ಯಕ್ಕೆ ಜಿಯೊಟ್‌ಗಲ್ ಎಂದು ಹೆಸರು. 2001ರಿಂದ ಈಚೆಗೆ ಅದರಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳಿಗೆ ಜಿಯೊಟ್‌ಗಲಿಬ್ಯಾಸಿಲಸ್, ಜಿಯೊಟ್‌ಗಲಿಕಾಕಸ್ ಎಂದೆಲ್ಲ ಹೆಸರು ಬಂತು. ಅಜ್ಜಿಯ ಜಾಡಿಯ ಹೆಸರು ಲ್ಯಾಟಿನ್ ವೇಷ ಹಾಕಿಕೊಂಡು ಜಗತ್ತಿನ ಪಟ್ಟಿಯಲ್ಲಿ ಕೂತಿದೆ.

ಹೆಸರಿದ್ದರೆ ಸಾಲದು, ತಳಿಯನ್ನೂ ಇಟ್ಟುಕೊಳ್ಳಬೇಕು. ಏಕೆಂದರೆ ಜಾತಿ ಒಂದೇ ಆದರೂ ತಳಿಯ ಗುಣ ಬೇರೆ. 1997ರಲ್ಲಿ ಜಪಾನಿನಲ್ಲಿ ಸ್ಕ್ವಿಡ್ ಸಾಸಿನಿಂದ ಟೆಟ್ರಾಜೆನೊಕಾಕಸ್‌ನ ಇನ್ನೊಂದು ಜಾತಿಯನ್ನು ಬೇರ್ಪಡಿಸಿದರು. ಅದು ಹಿಸ್ಟಮಿನ್ ಮಾಡುತ್ತಿತ್ತು. 2008ರಲ್ಲಿ ಸತೋಮಿ ಮತ್ತು ಸಂಗಡಿಗರು, ಮೀನಿನ ಸಾಸಿನಲ್ಲಿ ಸಿಕ್ಕ ಟೆಟ್ರಾಜೆನೊಕಾಕಸ್ ಹ್ಯಾಲೊಫಿಲಸ್‌ನ ಒಂದು ತಳಿಯಲ್ಲೂ ಹಿಸ್ಟಮಿನ್ ಮಾಡುವ ಜೀನ್ ಇದೆ, ಅದು ಕೂತಿರುವುದು ಪ್ಲಾಸ್ಮಿಡ್ ಎಂಬ ಬಿಡಿ ಉಂಗುರದಲ್ಲಿ ಎಂದು ತೋರಿಸಿದರು. ಅಂದರೆ ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬ ರುಚಿ ಕೊಡಬಹುದು, ಇನ್ನೊಬ್ಬ ಮೈ ತುರಿಸಬಹುದು. ಪುಸ್ತಕದಲ್ಲಿ ಹೆಸರು ಬರೆದಿಟ್ಟರೆ ಈ ವ್ಯತ್ಯಾಸ ಸಿಗುವುದಿಲ್ಲ. ಜೀವಿಯೇ ಕೈಯಲ್ಲಿರಬೇಕು. ಒಳ್ಳೆಯ ಜಾಡಿಯಿಂದ ಒಂದಿಷ್ಟು ರಸ ತೆಗೆದು ಹೊಸ ಜಾಡಿಗೆ ಸೇರಿಸುವವರು ತಮಗೆ ತಿಳಿಯದೆಯೇ ತಳಿ ಆಯುತ್ತಿರುತ್ತಾರೆ, ಮೊಸರಿಗೆ ಹೆಪ್ಪು ಹಾಕುವಾಗ ನಾವೆಲ್ಲ ಮಾಡುವ ಹಾಗೆ.

ಸಂಗ್ರಹಾಲಯದ ಕೆಲಸವೂ ಒಂದು ಬಗೆಯ ಹೆಪ್ಪು ಕಾಯುವ ಕೆಲಸವೇ. ಬ್ಯಾಕ್ಟೀರಿಯಾವನ್ನು ಹೆಪ್ಪುಗಟ್ಟಿಸಿ, ನೀರನ್ನು ಆವಿಯಾಗಿ ಹೊರಗೆಳೆದು, ಗಾಜಿನ ಸಣ್ಣ ಕೊಳವೆಯಲ್ಲಿ ಪುಡಿಯಾಗಿ ಮುಚ್ಚಿಡುತ್ತಾರೆ. ಇಲ್ಲವೇ ಸೊನ್ನೆಗಿಂತ 80 ಡಿಗ್ರಿ ಕೆಳಗೆ, ದ್ರವ ಸಾರಜನಕದಲ್ಲಾದರೆ 196 ಡಿಗ್ರಿ ಕೆಳಗೆ ಇಡುತ್ತಾರೆ. ವರ್ಷಗಳ ನಂತರ ನೀರು, ಆಹಾರ ಕೊಟ್ಟರೆ ಎದ್ದು ಬೆಳೆಯುತ್ತದೆ. ಭಾರತ 2001ರ ಡಿಸೆಂಬರಿನಲ್ಲಿ ಬುಡಾಪೆಸ್ಟ್ ಒಪ್ಪಂದಕ್ಕೆ ಸೇರಿತು. ಪೇಟೆಂಟಿಗೆ ಸಂಬಂಧಿಸಿದ ಸೂಕ್ಷ್ಮಜೀವಿಗಳನ್ನು ಠೇವಣಿ ಇಡುವ ಅಂತರರಾಷ್ಟ್ರೀಯ ಏರ್ಪಾಡು ಅದು. ಮರುವರ್ಷ ಚಂಡೀಗಢದ ಸಂಗ್ರಹಕ್ಕೆ, 2011ರಲ್ಲಿ ಪುಣೆಯ ಸಂಗ್ರಹಕ್ಕೆ ಆ ಮಾನ್ಯತೆ ಸಿಕ್ಕಿತು.

ಇಲ್ಲೊಂದು ತೊಡಕಿದೆ. ಹೊಸ ಬ್ಯಾಕ್ಟೀರಿಯಾ ಜಾತಿಗೆ ಹೆಸರಿಡಬೇಕಾದರೆ ಅದರ ಮಾದರಿ ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಗಳಲ್ಲಿ ಇಡಬೇಕು, ಕೇಳಿದ ವಿಜ್ಞಾನಿಗೆ ಅದು ಸಿಗುವಂತಿರಬೇಕು. ಇದು 2001ರಿಂದ ಇರುವ ಅಂತರರಾಷ್ಟ್ರೀಯ ನಿಯಮ. ಭಾರತದ 2002ರ ಜೀವವೈವಿಧ್ಯ ಕಾಯ್ದೆ ನಮ್ಮ ಜೈವಿಕ ಸಂಪನ್ಮೂಲ ಅನುಮತಿಯಿಲ್ಲದೆ ಹೊರದೇಶದವರ ಕೈಸೇರಬಾರದು ಎನ್ನುತ್ತದೆ. ಒಂದು ನಿಯಮ ಹಂಚು ಎನ್ನುತ್ತದೆ, ಇನ್ನೊಂದು ಕಾಯು ಎನ್ನುತ್ತದೆ. ಬೇವು, ಅರಿಶಿನದ ಪೇಟೆಂಟ್ ಜಗಳ ಕಂಡ ದೇಶಕ್ಕೆ ಕಾಯುವ ಕಾನೂನು ಬೇಕಾದದ್ದು ಸಹಜ. ಆದರೆ ಇದರ ನಡುವೆ ಸಿಕ್ಕಿದ ಭಾರತದ ಸಂಶೋಧಕರು ತಾವು ಕಂಡ ಹೊಸ ಜೀವಿಗೆ ಹೆಸರಿಡಲು ಪರದಾಡಿದ್ದಾರೆ. 2022ರಲ್ಲಿ ಬಂದ ಸೀಕ್ವೆನ್ಸ್ ಕೋಡ್ ಎಂಬ ಹೊಸ ಏರ್ಪಾಡು ಜೀವಿಯ ಬದಲು ಅದರ ಜೀನೋಮಿನ ಅಕ್ಷರಮಾಲೆಯನ್ನೇ ಮಾದರಿಯಾಗಿ ಒಪ್ಪುತ್ತದೆ. ಹೆಸರಿಗೆ ಅದು ಸಾಕು. ಬಂಗುಡೆಯನ್ನು ಹಣ್ಣು ಮಾಡಲು ಅಕ್ಷರಮಾಲೆಗೆ ಬರುವುದಿಲ್ಲ.

ಗಣೇಶಖಿಂಡದ ಆ ಹಳೆಯ ಬಂಗಲೆಯಿಂದ ಆಳಿದವರು ಕರಾವಳಿಯ ಜಾಡಿಯಲ್ಲಿ ಉಪ್ಪನ್ನು ಮಾತ್ರ ಕಂಡರು, ಏಕೆಂದರೆ ಸುಂಕ ಇದ್ದದ್ದು ಉಪ್ಪಿಗೆ. ಆಮೇಲೆ ಬಂದವರು ಹುಳಿಯನ್ನು ಕಂಡರು, ಏಕೆಂದರೆ ಮಾರುಕಟ್ಟೆ ಇದ್ದದ್ದು ಹುಳಿಗೆ. ಈಗ ಜೀವಿಯನ್ನು ಕಾಣುವ ಕಣ್ಣು, ಕಾದಿಡುವ ಜಾಗ ಎರಡೂ ಪುಣೆಯಲ್ಲಿವೆ. ಆದರೆ ಫ್ರಿಜ್ಜಿನಲ್ಲಿ ಇಡಬೇಕಾದರೆ ಮೊದಲು ಯಾರಾದರೂ ಜಾಡಿಯ ಮುಚ್ಚಳ ತೆಗೆದು ತೋರಿಸಬೇಕು. ಅದಕ್ಕೆ ಜಾಡಿ ಇರಬೇಕು. ಶ್ರೀಲಂಕೆಯ ಮನೆಗಳಲ್ಲಿ ಗೊರಕ ಹಾಕಿದ ಮೀನು ಇನ್ನೂ ಹಣ್ಣಾಗುತ್ತಿದೆ. ನಮ್ಮಲ್ಲಿಯೂ ಉಪ್ಪಾಗೆ ಮರದಲ್ಲಿದೆ, ಉಪ್ಪು ಸಾಣಿಕಟ್ಟೆಯಲ್ಲಿದೆ, ಬಂಗುಡೆ ಕಡಲಲ್ಲಿದೆ.

ನಿಮ್ಮ ಮನೆಯಲ್ಲಿ ಬಂಗುಡೆಗೆ ಉಪ್ಪಾಗೆ ಇಟ್ಟು ಜಾಡಿ ಕಟ್ಟಿದ್ದನ್ನು ಕಂಡ ಹಿರಿಯರಿದ್ದರೆ, ಎಷ್ಟು ದಿನ ಇಡುತ್ತಿದ್ದರು, ಹಾಳಾದದ್ದು ಹೇಗೆ ತಿಳಿಯುತ್ತಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಉಪ್ಪಿನ ಇಲಾಖೆಯ ಪುಸ್ತಕದಲ್ಲಿ ಆ ಲೆಕ್ಕ ಇಲ್ಲ.